ಮಧ್ಯಾಹ್ನಕ್ಕೆ ನಿಲ್ಲುತ್ತಿದ್ದ ಗುಳ್ಳೆಗಳು

"ನನ್ನ ಹವಳಗಳನ್ನ ಸಾಯಿಸ್ತಿರೋನು ನನ್ನ ಭಾವಮೈದುನನೇ. ನೀವೊಂದ್ಸಲ ಹೌದು ಅಂದ್ಬಿಡಿ, ಇವತ್ತೇ ಮನೆಯಿಂದ ಹೊರಗೆ ಹಾಕ್ತೀನಿ."

ಕೆಳಗಿನ ಮನೆಯ ಹಲ್ಲಿನ ಡಾಕ್ಟರು ಹೀಗೆಂದು ಬಾಗಿಲಲ್ಲಿ ನಿಂತಾಗ ನನಗೆ ರೇಗಿತು. ಆ ವಾರ ಹೀಗೆ ಯಾರಾದರೂ ದೂರು ಹೊತ್ತು ಬಂದದ್ದು ಅದು ನಾಲ್ಕನೇ ಸಲ. ಬೀದಿಯ ಕಳ್ಳತನ, ತಕರಾರುಗಳೆಲ್ಲ ಬಂದು ಬೀಳುವುದು ನಮ್ಮ ಅತ್ತಿಗೆಯ ತಲೆಗೇ. ಅವರ ಹೊಲಿಗೆ ಯಂತ್ರದ ಪಕ್ಕ ಬಟ್ಟೆ ರಾಶಿ ಬಿದ್ದಿರುವುದು ಯಾರ ಕಣ್ಣಿಗೂ ಕಾಣುವುದಿಲ್ಲ. ಅತ್ತಿಗೆ ಕತ್ತರಿ ಕೆಳಗಿಟ್ಟು ಎದ್ದರು. ವಿಧಿಯಿಲ್ಲದೆ ನಾನೂ ಹೋದೆ.

ಅವರ ಹಜಾರದಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿ, ಅದರೊಳಗೆ ಡಾಕ್ಟರು ಸಾಕಿದ ಜೀವಂತ ಹವಳಗಳು, ಪಕ್ಕದಲ್ಲಿ ತಿಂಗಳ ಹಿಂದೆ ಜೋಡಿಸಿದ ಕ್ಯಾಲ್ಸಿಯಂ ರಿಯಾಕ್ಟರ್ ಮತ್ತು ಅದರ ಗ್ಯಾಸ್ ಸಿಲಿಂಡರ್. ಸಿಲಿಂಡರಿನ ಗ್ಯಾಸು ಗುಳ್ಳೆಗುಳ್ಳೆಯಾಗಿ ಅದರೊಳಗೆ ಹೋಗಿ ಸುಣ್ಣದ ಚೂರುಗಳನ್ನು ಕರಗಿಸಬೇಕು, ಆ ನೀರು ಹನಿಹನಿಯಾಗಿ ತೊಟ್ಟಿಗೆ ಸೇರಿ ಹವಳ ಬೆಳೆಯಬೇಕು. ಆದರೆ ಡಾಕ್ಟರು ಕ್ಲಿನಿಕ್ಕಿನಿಂದ ಮಧ್ಯಾಹ್ನ ಊಟಕ್ಕೆ ಬರುವಷ್ಟರಲ್ಲಿ ಸಿಲಿಂಡರಿನ ವಾಲ್ವನ್ನು ಯಾರೋ ಮುಚ್ಚಿರುತ್ತಿದ್ದರು. ಹವಳಗಳು ಬಿಳಿಚಿಕೊಂಡಿದ್ದವು.

"ನಿನ್ನೆ ಮಧ್ಯಾಹ್ನ ಊಟಕ್ಕೆ ಬಂದಾಗ ವಾಲ್ವ್ ಮೇಲೆ ಇವನ ಕೈ ಇತ್ತು," ಎಂದರು ಡಾಕ್ಟರು. ಕೆಲಸ ಹುಡುಕುತ್ತ ಅಕ್ಕನ ಮನೆಯಲ್ಲಿದ್ದ ಭಾವಮೈದುನ ಗೋಡೆಗೊರಗಿ ನಿಂತಿದ್ದ.

"ಅವನು ಹೋದ್ರೆ ನಾನೂ ಹೋಗ್ತೀನಿ," ಎಂದರು ಡಾಕ್ಟರ ಹೆಂಡತಿ. ಎರಡು ಪೆಟ್ಟಿಗೆಗಳು ಆಗಲೇ ಬಾಗಿಲ ಬಳಿ ಇದ್ದವು.

"ಕೈ ಇದ್ದಾಗ ಗುಳ್ಳೆ ಬರ್ತಿತ್ತಾ?" ಅತ್ತಿಗೆ ಕೇಳಿದರು.

"ಬರ್ತಿತ್ತು. ನಾನು ಆಗ ಬರದಿದ್ರೆ ನಿಲ್ಲಿಸಿಬಿಡ್ತಿದ್ದ."

"ಭಾನುವಾರ?"

"ಯಾವತ್ತೂ ನಿಂತಿಲ್ಲ. ನಾನು ಮನೇಲಿರ್ತೀನಲ್ಲ, ಹೆದರ್ತಾನೆ."

"ಕ್ಲಿನಿಕ್ಕಲ್ಲೂ ಸಿಲಿಂಡರ್ ಇದ್ಯಾ?"

"ಆಕ್ಸಿಜನ್ ಸಿಲಿಂಡರ್ ಇದೆ. ಅದಕ್ಕೂ ಇದಕ್ಕೂ ಏನ್ ಸಂಬಂಧ?"

ಅತ್ತಿಗೆ ಎಲ್ಲರನ್ನೂ ಕೂರಿಸಿದರು. "ಡಾಕ್ಟ್ರೇ, ದಿನಾ ಹೊರಡೋ ಹಾಗೆ ಒಂದ್ಸಲ ಕ್ಲಿನಿಕ್ಕಿಗೆ ಹೊರಡಿ."

ಡಾಕ್ಟರು ಭಾವಮೈದುನನನ್ನು ಬೈಯುತ್ತಲೇ ಚೀಲ ತಗಲಿಸಿಕೊಂಡರು, ಫ್ಯಾನು ಆರಿಸಿದರು, ದೀಪ ಆರಿಸಿದರು. ಮಾತು ನಿಲ್ಲಿಸದೆ ಬಗ್ಗಿ ವಾಲ್ವನ್ನು ಬಿಗಿಯಾಗಿ ತಿರುಗಿಸಿ ಬಾಗಿಲಿಗೆ ನಡೆದರು. ಗುಳ್ಳೆಗಳು ನಿಂತವು. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

"ಕ್ಲಿನಿಕ್ ಮುಚ್ಚೋ ಮುಂಚೆ ಫ್ಯಾನು, ದೀಪ, ಸಿಲಿಂಡರ್. ಎಷ್ಟೋ ವರ್ಷದ ರೂಢಿ," ಎಂದರು ಅತ್ತಿಗೆ. "ಮನೇಲಿ ಸಿಲಿಂಡರ್ ಬಂದ್ಮೇಲೆ ನಿಮ್ಮ ಕೈ ಇಲ್ಲೂ ಅದನ್ನೇ ಮಾಡ್ತು. ಭಾನುವಾರ ನೀವು ಹೊರಡಲ್ಲ, ಗ್ಯಾಸೂ ನಿಲ್ಲಲ್ಲ. ಇನ್ನು ನಿನ್ನೆ, ಮುಚ್ಚಿದ ವಾಲ್ವನ್ನ ಇವನು ತೆರೀತಿದ್ದ. ಅದಕ್ಕೇ ಗುಳ್ಳೆ ಬರ್ತಿತ್ತು."

ಡಾಕ್ಟರ ಮುಖ ಇಂಗು ತಿಂದ ಮಂಗನಂತಾಯಿತು. "ನೀನ್ಯಾಕೋ ನನಗೆ ಹೇಳ್ಲಿಲ್ಲ?"

"ನೀವು ಮುಚ್ಚೋದು ನಿನ್ನೆ ಬೆಳಿಗ್ಗೆ ಕಂಡ್ತು ಭಾವ. ಮಧ್ಯಾಹ್ನ ನೀವು ಬಂದಾಗ ಹೇಳೋಕೆ ಬಾಯಿ ತೆಗೆದೆ. ಉಂಡ ಮನೆಗೆ ಎರಡು ಬಗೆಯೋನು ಅಂದ್ರಿ."

ಡಾಕ್ಟರು ಬಗ್ಗಿ ವಾಲ್ವನ್ನು ಮತ್ತೆ ತೆರೆದರು. "ತಪ್ಪಾಯ್ತು ಕಣೋ. ಇರ್ತೀಯಾ?"

"ನನ್ನನ್ನಲ್ಲ. ಅಕ್ಕನ್ನ ಕೇಳಿ."

ಡಾಕ್ಟರು ಹೆಂಡತಿಯ ಕಡೆ ತಿರುಗಿದರು. ಆಕೆ ಪೆಟ್ಟಿಗೆಗಳನ್ನು ನೋಡಿದರು, ಗಂಡನನ್ನು ನೋಡಿದರು.

"ಇವತ್ತು ಇರ್ತೀನಿ," ಎಂದರು.