ಬೇಲೂರಿನಿಂದ ತಂದ ಬೀರು

ಬೇಲೂರಿನ ಆ ಹಳೇ ತೇಗದ ಬೀರುವನ್ನು ಮೊದಲು ಮೆಚ್ಚಿದವಳು ನನ್ನ ಓರಗಿತ್ತಿ ಶಾಂಭವಿ. ಅವಳಿಗಿಂತ ಮುಂಚೆ ಹೋಗಿ ನಾನೇ ಕೊಂಡು ಅರಸೀಕೆರೆಗೆ ತಂದೆ. ಅವಳ ಮನೆಗೆ ಅಂಥದ್ದೇಕೆ?

ಮಾರಿದ ಕೋಮಲವಲ್ಲಿಯವರು, "ಬೀರೂನ ಬರಿದಾಗಿ ಕಳಿಸ್ಬಾರ್ದಮ್ಮ" ಎಂದು ಒಳಗೊಂದು ಹಸಿರು ರವಿಕೆ ಕಣ ಇಟ್ಟಿದ್ದರು. ಅದನ್ನು ಅಲ್ಲೇ ಬಿಟ್ಟು, ಪಕ್ಕದಲ್ಲಿ ನನ್ನ ರೇಷ್ಮೆ ಸೀರೆಗಳನ್ನು ಜೋಡಿಸಿ ಬೀಗ ಹಾಕಿದೆ. ಕೀಲಿ ಸದಾ ನನ್ನ ಸೊಂಟದಲ್ಲೇ. ಆದರೂ ತೆಗೆದಾಗಲೆಲ್ಲ ಸೀರೆಗಳು ಯಾರೋ ಈಗಷ್ಟೇ ಉಟ್ಟು ಬಿಚ್ಚಿದಂತೆ ಬೆಚ್ಚಗಿರುತ್ತಿದ್ದವು.

ಮೊನ್ನೆ ಮಧ್ಯಾಹ್ನ ಶಾಂಭವಿ ನೋಡಲು ಬಂದಳು. ಬಾಗಿಲು ಸವರುತ್ತಾ, "ಒಳಗೆ ಯಾರೋ ಬಳೆ ಸರಿಸ್ದಂಗಾಯ್ತಲ್ಲ ಅಕ್ಕ" ಎಂದಳು. ಹೊಟ್ಟೆಕಿಚ್ಚಿನ ಮಾತು ಎಂದುಕೊಂಡೇ ಬೀಗ ತೆಗೆದೆ.

ಆ ಹಸಿರು ಕಣವನ್ನು ಯಾರೋ ರವಿಕೆಯಾಗಿ ಹೊಲಿದಿದ್ದರು. ನನಗೆ ಅದು ತೋಳಿಗೇ ಏರಲಿಲ್ಲ. ಶಾಂಭವಿಯ ಮೈಗೆ, ಅವಳೇ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು.