ಎರಡು ನಿಮಿಷ ಮುಂಚೆ

ಅವಳು ತನ್ನ ಸವತಿಯನ್ನು ಮೊದಲ ಸಲ ಕಂಡದ್ದು ಮದುವೆಯಾದ ಒಂಬತ್ತನೆಯ ದಿನ, ಬೆಳಿಗ್ಗೆ ಸರಿಯಾಗಿ ಹನ್ನೊಂದು ಗಂಟೆಗೆ, ಕಂಪ್ಯೂಟರ್ ಪರದೆಯ ಬಲಮೂಲೆಯಲ್ಲಿ.

ಟಿಣ್ ಎಂದು ಸದ್ದಾಯಿತು. ಅವಳು ತಿದ್ದುತ್ತಿದ್ದ ಪುಟದ ಮೇಲೆ ಹಳದಿ ಚೌಕವೊಂದು ಬಂದು ಕೂತಿತು.

"ಏನ್ರೀ, ಹನ್ನೊಂದಾಯ್ತು. ಚಿಮಟ ಕೆಳಗಿಡಿ. ಐದು ನಿಮಿಷ ಕಣ್ಣು ಮುಚ್ಚಿ ಕೂತ್ಕೊಳ್ಳಿ."

ಯಾರಿವಳು? ನನ್ನ ಗಂಡನನ್ನು "ಏನ್ರೀ" ಅನ್ನುವವಳು?

ಮುಂದಿನ ಕೋಣೆಯಿಂದ ಹೆಜ್ಜೆ ಸದ್ದು ಕೇಳಿತು. ಅಲ್ಲೇ ಅವನ ಗಡಿಯಾರ ರಿಪೇರಿ ಅಂಗಡಿ. ಮಸೂರವನ್ನು ಹಣೆಗೇರಿಸಿಕೊಂಡು ಬಂದವನು ಅವಳ ಹೆಗಲ ಮೇಲಿಂದ ಬಾಗಿದ. ಅವನ ಬೆರಳುಗಳಿಂದ ಎಣ್ಣೆಯ ಸಣ್ಣ ವಾಸನೆ ಬಂತು. ಹೊಸ ಮದುವಣಗಿತ್ತಿಯಲ್ಲವೇ, ಅವಳು ಕಣ್ಣು ಮುಚ್ಚಿಯೂ ಬಿಟ್ಟಳು.

ಅವನು ಕೈ ಚಾಚಿ ಚೌಕದಲ್ಲಿದ್ದ "ಆಯ್ತು" ಎಂಬ ಗುಂಡಿ ಒತ್ತಿದ. ಪಕ್ಕದ ಕುರ್ಚಿಯಲ್ಲಿ ಕೂತು, ಹೇಳಿದ ಮಾತು ಕೇಳುವ ಮಗುವಿನಂತೆ ಕಣ್ಣು ಮುಚ್ಚಿದ.

"ಇದೇನು ಇದು?"

"ನೆನಪಿನ ಪ್ರೋಗ್ರಾಂ. ಹೊತ್ತು ಹೊತ್ತಿಗೆ ಹೇಳುತ್ತೆ," ಎಂದ ಅವನು ಕಣ್ಣು ತೆರೆಯದೆ. "ಅವಳ ಮಾತು ಅದು."

ಅವಳೆಂದರೆ ಯಾರೆಂದು ಕೇಳಬೇಕಾಗಿರಲಿಲ್ಲ. ಅವನ ಮೊದಲ ಹೆಂಡತಿ ಹತ್ತು ದಿನದ ಜ್ವರದಲ್ಲಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮದುವೆಗೆ ಮುಂಚೆಯೇ ಅವನು ಎಲ್ಲವನ್ನೂ ಹೇಳಿದ್ದ. ಇವಳೂ ಎಲ್ಲವನ್ನೂ ಕೇಳಿಯೇ ಒಪ್ಪಿದ್ದಳು.

ಒಪ್ಪಿದ್ದೇನು, ಹಿಂದೆ ಬಿದ್ದಿದ್ದಳು ಅನ್ನಿ! ಅಪ್ಪನ ನಿಂತುಹೋದ ಕೈಗಡಿಯಾರ ಹಿಡಿದು ಈ ಅಂಗಡಿಗೆ ಬಂದವಳು, ಅದು ಸರಿಯಾದ ಮೇಲೂ ಮತ್ತೆರಡು ಸಲ ಅದನ್ನೇ ಹೊತ್ತುಕೊಂಡು ಬಂದಿದ್ದಳು. ಮೂರನೆಯ ಸಲ "ಇದಕ್ಕೇನೂ ಆಗಿಲ್ವಲ್ಲ" ಎಂದು ತಲೆಯೆತ್ತಿದವನು, ಅವಳ ಮುಖ ನೋಡಿ ಕಿವಿಯವರೆಗೂ ಕೆಂಪಾಗಿದ್ದ. ಅವಳಿಗೆ ಮೂವತ್ತನಾಲ್ಕು, ಅವನಿಗೆ ನಲವತ್ತೊಂದು. ನಾಚಿಕೆಗೆ ವಯಸ್ಸಿನ ಲೆಕ್ಕ ಎಲ್ಲಿದೆ ಹೇಳಿ.

ಅವಳು ಮುದ್ರಣಾಲಯವೊಂದಕ್ಕೆ ಮನೆಯಿಂದಲೇ ಪ್ರೂಫ್ ತಿದ್ದಿಕೊಡುತ್ತಿದ್ದಳು. ಹಾಗಾಗಿ ದಿನವಿಡೀ ಆ ಕಂಪ್ಯೂಟರಿನ ಮುಂದೆಯೇ ಇರಬೇಕಾಗಿತ್ತು, ದಿನಕ್ಕೆ ಮೂರು ಸಲ ಸವತಿಯ ಮಾತು ಕೇಳಬೇಕಾಗಿತ್ತು.

ಒಂದೂವರೆಗೆ: "ಊಟಕ್ಕೆ ಏಳಿ. ಆ ಗಡಿಯಾರವೇನೂ ಎದ್ದು ಓಡಿಹೋಗಲ್ಲ."

ನಾಲ್ಕೂವರೆಗೆ: "ಬೆನ್ನು ಬಿಲ್ಲಾಗಿದೆ. ಬೀದಿ ಕೊನೆವರೆಗೆ ನಡೆದು ಬನ್ನಿ."

ಟಿಣ್ ಎಂದರೆ ಸಾಕು, ಅವನು ಕೈಯಲ್ಲಿದ್ದ ಕೆಲಸ ಬಿಟ್ಟು ಏಳುತ್ತಿದ್ದ.

ಅದೇ ಇವಳು ಒಂದು ಗಂಟೆಗೆ ತಟ್ಟೆ ಹಾಕಿ ಕೂಗಿದರೆ?

"ರೀ, ಊಟಕ್ಕೆ ಬನ್ನಿ."

"ಹ್ಞಾಂ ಹ್ಞಾಂ, ಬಂದೆ."

ಹತ್ತು ನಿಮಿಷ. ಇಪ್ಪತ್ತು ನಿಮಿಷ. ಬಡಿಸಿದ್ದು ಆರಿ ತಣ್ಣಗಾಗುತ್ತಿತ್ತು. ಆಮೇಲೆ ಟಿಣ್, ಆಮೇಲೆ ಅವನು ಹಾಜರು.

ಹೊಟ್ಟೆ ಉರಿಯದೆ ಇರುತ್ತದೆಯೇ? ಅವಳು ಅಕ್ಕನಿಗೆ ಫೋನ್ ಮಾಡಿದಳು.

"ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡ್ತೀಯಲ್ಲೇ, ನಿನಗೇನು ತಲೆ ಕೆಟ್ಟಿದೆಯಾ?" ಎಂದಳು ಅಕ್ಕ.

"ಬದುಕಿದ್ರೆ ಜಡೆ ಹಿಡಿದು ಕೇಳ್ತಿದ್ದೆ ಅಕ್ಕಾ. ಇವಳ ಹತ್ರ ಹೇಗೆ ಜಗಳ ಆಡ್ಲಿ? ಅವಳು ಒಂದು ದಿನಾನೂ ರೇಗಲ್ಲ, ಮುನಿಸ್ಕೊಳ್ಳಲ್ಲ, ಅಡುಗೆಗೆ ಉಪ್ಪು ಜಾಸ್ತಿ ಹಾಕಲ್ಲ."

"ನಿನ್ನ ಗಂಡನಿಗೇ ನೇರವಾಗಿ ಹೇಳು."

"ಏನಂತ ಹೇಳ್ಲಿ? ಕಂಪ್ಯೂಟರ್ ಮಾತು ಕೇಳ್ಬೇಡಿ, ನನ್ನ ಮಾತು ಕೇಳಿ ಅಂತಾನಾ? ಕೇಳಿದವರು ನಕ್ಕಾರು."

ಅಕ್ಕ ಆಗಲೇ ನಗುತ್ತಿದ್ದಳು. ಇವಳಿಗೆ ಮಾತ್ರ ಅಳು ಬರುತ್ತಿತ್ತು. ಈ ಮನೆಯಲ್ಲಿ ನನಗೆ ಜಾಗ ಇದೆಯೋ, ಇಲ್ಲವೋ? ಅವಳಿಗೆ ತಿಳಿಯಬೇಕಾಗಿದ್ದದ್ದು ಅದೊಂದೇ.

ಮಾರನೆಯ ದಿನ ಅವಳು ಯುದ್ಧಕ್ಕಿಳಿದಳು.

ಆ ಪ್ರೋಗ್ರಾಂ ಬಲು ಸುಲಭದ್ದು. ತೆರೆದರೆ ಮೂರೇ ಮೂರು ಮನೆ: ಎಷ್ಟು ಹೊತ್ತಿಗೆ, ಏನು ಹೇಳಬೇಕು, ಯಾವ ಯಾವ ದಿನ. ತುಂಬಿ "ಸೇರಿಸು" ಒತ್ತಿದರೆ ಮುಗಿಯಿತು. ಅವಳು ಹತ್ತು ಐವತ್ತೆಂಟು ಎಂದು ಹಾಕಿದಳು. ಸವತಿಗಿಂತ ಎರಡು ನಿಮಿಷ ಮುಂಚೆ!

"ರೀ, ಕಣ್ಣಿಗೆ ಸ್ವಲ್ಪ ವಿಶ್ರಾಂತಿ ಕೊಡಿ. ಹೇಳ್ತಿರೋದು ನಾನು."

ಒಂದು ಇಪ್ಪತ್ತೆಂಟಕ್ಕೆ ಇನ್ನೊಂದು, ನಾಲ್ಕು ಇಪ್ಪತ್ತೆಂಟಕ್ಕೆ ಮತ್ತೊಂದು. ಈಗ ನೋಡೋಣ, ಯಾರ ಮಾತು ನಡೆಯುತ್ತದೆ.

ಹತ್ತು ಐವತ್ತೆಂಟಕ್ಕೆ ಟಿಣ್ ಎಂದಿತು. ಅವನು ಬಂದ, ಓದಿದ, "ಆಯ್ತು" ಒತ್ತಿ ಕಣ್ಣು ಮುಚ್ಚಿ ಕೂತ. ಅವಳು ಒಳಗೊಳಗೇ ಗೆದ್ದು ಬೀಗುವಷ್ಟರಲ್ಲಿ ಹನ್ನೊಂದರ ಟಿಣ್ ಕೇಳಿಸಿತು. ಅವನು ಎದ್ದು ಬಂದು ಅದನ್ನೂ ಓದಿ, ಅದನ್ನೂ ಒತ್ತಿ, ಮತ್ತೆ ಮೊದಲಿನಿಂದ ಐದು ನಿಮಿಷ ಕಣ್ಣು ಮುಚ್ಚಿದ.

ಮಧ್ಯಾಹ್ನ ಮೊದಲ ತುತ್ತು ಬಾಯಿಗಿಟ್ಟವನು ಟಿಣ್ ಕೇಳಿ ಎಂಜಲು ಕೈಯಲ್ಲೇ ಎದ್ದು ಹೋದ. ಎಡಗೈಯಲ್ಲಿ ಗುಂಡಿ ಒತ್ತಿ ಬಂದು ಕೂತ. ಸಂಜೆಯಂತೂ ಬೀದಿ ಕೊನೆಯವರೆಗೆ ಎರಡು ಸಲ ಹೋಗಿ ಬಂದ. ಎದುರು ಮನೆಯ ಅಜ್ಜಿ ಕಿಟಕಿಯಿಂದ, "ಏನಪ್ಪಾ, ಏನಾದ್ರೂ ಕಳ್ಕೊಂಡಿದ್ದೀಯಾ?" ಎಂದು ವಿಚಾರಿಸಿಕೊಂಡಳು.

ಅವನಿಗೆ ಬೇಸರವಾಗಲಿಲ್ಲ, ಕೋಪವೂ ಬರಲಿಲ್ಲ. ಯಾಕೆ ಹೀಗೆ ಮಾಡಿದೆ ಎಂದು ಒಂದು ಮಾತೂ ಕೇಳಲಿಲ್ಲ. ಅದೇ ಅವಳನ್ನು ಸುಟ್ಟದ್ದು. ಆರು ತಿಂಗಳು ಹೀಗೆಯೇ ನಡೆಯಿತು. ಅವಳು ಮೊದಲು ಹೇಳಿದರೂ ಕೊನೆಯ ಮಾತು ಪ್ರತಿ ದಿನವೂ ಸವತಿಯದೇ ಆಗಿತ್ತು.

ಅದೇ ಹೊತ್ತಿಗೆ ಬೇರೆ ಊರಿನ ದೊಡ್ಡ ಮುದ್ರಣಾಲಯದಿಂದ ಅವಳಿಗೆ ಕಾಗದ ಬಂತು. ಒಳ್ಳೆಯ ಕೆಲಸ, ಇರಲು ಕೋಣೆಯನ್ನೂ ಕೊಡುತ್ತಾರೆ, ಶುಕ್ರವಾರದೊಳಗೆ ತಿಳಿಸಬೇಕು. ಅವಳು ಅದನ್ನು ಮಡಚಿ ನಿಘಂಟಿನೊಳಗೆ ಇಟ್ಟಳು. ಹರಿದು ಬಿಸಾಡಲು ಮನಸ್ಸಾಗಲಿಲ್ಲ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಯಾವತ್ತೂ ಬಾರದ ಚೌಕವೊಂದು ಬಂತು.

"ಇವತ್ತು ನನ್ನ ಹುಟ್ಟಿದ ದಿನ ಕಣ್ರೀ. ಅಂಗಡಿ ಮುಚ್ಚಿ. ಕೆರೆ ಹತ್ರ ಹೋಗೋಣ, ದೋಣೀಲಿ ಕೂರೋಣ."

ಅವನು ಓದಿದ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅಂಗಡಿಗೆ ಬೀಗ ಹಾಕಿ, "ಮಧ್ಯಾಹ್ನದೊಳಗೆ ಬರ್ತೀನಿ" ಎಂದು ಹೊರಟೇಬಿಟ್ಟ.

ಇಪ್ಪತ್ತು ದಿನಗಳ ಹಿಂದೆ ಇವಳ ಹುಟ್ಟಿದ ದಿನವಾಗಿತ್ತು. ಆವತ್ತು ಅವನು ಸಂಜೆಯವರೆಗೂ ಯಾರದೋ ಮನೆಯ ಗೋಡೆ ಗಡಿಯಾರದೊಳಗೆ ತಲೆ ಹುದುಗಿಸಿಕೊಂಡಿದ್ದ.

ಅವಳಿಗೆ ಮೈಯೆಲ್ಲ ಉರಿಯಿತು. ಸಾಕು. ಇನ್ನು ಸಾಧ್ಯವಿಲ್ಲ. ನಾಳೆ ಆ ಕೆಲಸಕ್ಕೆ ಒಪ್ಪಿಕೊಂಡುಬಿಡುತ್ತೇನೆ. ಆದರೆ ಹೋಗುವ ಮುಂಚೆ ಇವಳನ್ನು ಈ ಮನೆಯಿಂದ ಅಳಿಸಿಯೇ ಹೋಗುತ್ತೇನೆ...

ಅವಳು ಪ್ರೋಗ್ರಾಂ ತೆರೆದು, ಇದುವರೆಗೆ ನೋಡದಿದ್ದ ಪೂರ್ತಿ ಪಟ್ಟಿಯನ್ನು ತೆರೆದಳು. ಸವತಿಯವು ನಾಲ್ಕು, ತನ್ನವು ಮೂರು. ಎಲ್ಲವನ್ನೂ ಆರಿಸಿಕೊಂಡು "ಅಳಿಸು" ಎನ್ನುವಲ್ಲಿಗೆ ಬಾಣವನ್ನು ಒಯ್ದಳು. ಅಕ್ಷರ ಅಕ್ಷರ ನೋಡಿ ಅಭ್ಯಾಸವಾದ ಕಣ್ಣು, ಬಲಗಡೆಯ ಸಾಲಿನಲ್ಲಿ ನಿಂತಿತು. "ಸೇರಿಸಿದ ದಿನ" ಎಂದಿತ್ತು ಅಲ್ಲಿ.

ಸವತಿಯ ಮೊದಲನೆಯದನ್ನು ಸೇರಿಸಿದ್ದು, ಆಕೆ ತೀರಿಕೊಂಡ ಹದಿನಾರನೆಯ ದಿನ. ಉಳಿದ ಮೂರೂ ಅದಕ್ಕಿಂತ ಈಚಿನವು.

ಅವಳು ದಿನಾಂಕಗಳನ್ನು ಮತ್ತೆ ಮತ್ತೆ ಓದಿದಳು. ಸತ್ತವಳು ಬಂದು ಟೈಪ್ ಮಾಡುತ್ತಾಳೆಯೇ? ಹಾಗಾದರೆ ಬರೆದವಳು ಯಾರು... ಮಧ್ಯೆ ಮೂರನೆಯವಳೊಬ್ಬಳು ಇದ್ದಾಳೆಯೇ? ಅರ್ಧ ನಿಮಿಷ ಆ ಮೂರನೆಯವಳ ಮೇಲೂ ಅವಳು ಹೊಟ್ಟೆಕಿಚ್ಚು ಪಟ್ಟಳು, ಸುಳ್ಳೇಕೆ ಹೇಳಲಿ.

ಹನ್ನೆರಡಕ್ಕೆ ಅವನು ಬಂದ. ಅವಳು ಪರದೆಯ ಮುಂದೆ ಹಾಗೆಯೇ ಕೂತಿದ್ದಳು.

"ಇದನ್ನ ಬರೆದವರು ಯಾರು?"

ಅವನು ಪಟ್ಟಿ ನೋಡಿದ.

"ನಾನೇ," ಎಂದ.

"ಅವಳ ಮಾತು ಅಂದಿದ್ರಿ."

"ಮಾತು ಅವಳದೇ. ಅವಳು ಕಂಪ್ಯೂಟರ್ ಮುಟ್ಟಿದವಳಲ್ಲ. ಅಡುಗೆಮನೆಯಿಂದ ಕೂಗಿ ಹೇಳ್ತಿದ್ಲು. ಹನ್ನೊಂದು ವರ್ಷ ಹೇಳಿದ್ಲು. ನಾನು ಒಂದು ದಿನಾನೂ ಕೇಳಲಿಲ್ಲ. ಹ್ಞಾಂ ಅಂತಿದ್ದೆ, ಕೆಲಸ ಮಾಡ್ತಿದ್ದೆ. ಪ್ರತಿ ವರ್ಷ ದೋಣಿ ಅಂತಿದ್ಲು. ಮುಂದಿನ ವರ್ಷ ಅಂತಿದ್ದೆ. ಅವಳು ಹೋದ ಮೇಲೆ ಮನೆ ಸದ್ದಿಲ್ಲದೆ ಬಿಕೋ ಅಂತಿತ್ತು. ಆಗ ಕೂತು ಬರೆದೆ. ಬದುಕಿದ್ದಾಗ ಕೇಳದೆ ಇದ್ದದ್ದನ್ನ ಈಗಲಾದ್ರೂ ಕೇಳೋಣ ಅಂತ."

ಅವಳ ಕಣ್ಣು ತುಂಬಿ ಬಂತು. ಹೊಟ್ಟೆಯೊಳಗಿನ ಉರಿ ಮಾತ್ರ ಇನ್ನೂ ಆರಿರಲಿಲ್ಲ. ಅವಳು ಎದ್ದು ನಿಂತಳು.

"ಹಾಗಾದ್ರೆ ನಾನೂ ಸಾಯಬೇಕೇನ್ರೀ?"

"ಏನು ಮಾತು ಇದು..."

"ಮತ್ತೇನು? ನಾನೂ ಅಡುಗೆಮನೆಯಿಂದಲೇ ಕೂಗ್ತಾ ಇದ್ದೀನಿ. ಏಳು ತಿಂಗಳಿಂದ. ನನಗೂ ಅದೇ ಹ್ಞಾಂ. ನಾನು ಹೋದ ಮೇಲೆ ನನ್ನ ಮಾತನ್ನೂ ಬರೆದು ಹಾಕ್ಕೊಂಡು, ಟಿಣ್ ಅಂದಾಗೆಲ್ಲ ಎದ್ದು ಬರ್ತೀರಾ?"

ಯಾರೋ ಕೆನ್ನೆಗೆ ಹೊಡೆದಂತಾಯಿತು ಅವನಿಗೆ. ಅದೇ ತಪ್ಪನ್ನು ಅದೇ ಮನೆಯಲ್ಲಿ ಎರಡನೆಯ ಸಲ ಮಾಡುತ್ತಿದ್ದದ್ದು ಆ ಕ್ಷಣದವರೆಗೂ ಅವನ ತಲೆಗೆ ಹೊಳೆದಿರಲಿಲ್ಲ. ಎಷ್ಟೋ ಗಂಡಸರಿಗೆ ಹೊಳೆಯುವುದೇ ಇಲ್ಲ ಬಿಡಿ.

ಅವನು ಅವಳ ಎದುರಿಗೆ ಬಂದು, ಎಣ್ಣೆಯ ಕಲೆಗಳಿದ್ದ ಎರಡೂ ಕೈಗಳಿಂದ ಅವಳ ಕೈ ಹಿಡಿದ.

"ಆ ಕಾಗದ ನಾನು ನೋಡಿದೆ," ಎಂದ.

ಅವಳು ಬೆಚ್ಚಿದಳು. "ಯಾವಾಗ?"

"ಸೋಮವಾರ. ಒಂದು ಪದಕ್ಕೆ ಅರ್ಥ ಬೇಕಿತ್ತು, ನಿಘಂಟು ತೆಗೆದೆ."

"ನೋಡಿ ನಾಲ್ಕು ದಿನ ಸುಮ್ಮನಿದ್ರಾ?"

"ಕೇಳಿದ್ರೆ ಹೋಗ್ತೀನಿ ಅಂದುಬಿಡ್ತೀಯೇನೋ ಅಂತ ಹೆದರಿಕೆ. ಇವತ್ತು ಕೆರೆ ಹತ್ರ ಹೋಗಿ, ಮೊದಲ ಸಲ ದೋಣೀಲಿ ಕೂರದೆ ವಾಪಸ್ ಬಂದೆ. ದಂಡೇಲಿ ನಿಂತ್ಕೊಂಡು ನಿನ್ನದೇ ಯೋಚನೆ. ಅವಳ ಮುಖ ನೆನಪು ಮಾಡ್ಕೊಳ್ಳೋಕೆ ಹೋದ್ರೆ ನಿನ್ನ ಮುಖ ಬರ್ತಿತ್ತು. ಅವಳಿಗೆ ಮೋಸ ಮಾಡ್ದೆ ಅನ್ನಿಸ್ತು. ಮನೆಗೆ ಬಂದ್ರೆ, ಮೋಸ ಮಾಡಿದ್ದು ನಿನಗೆ."

ಅವಳು ತುಟಿ ಕಚ್ಚಿಕೊಂಡು ಅಳು ತಡೆದಳು.

ಅವನು ಪರದೆಯತ್ತ ತಿರುಗಿದ. ಅವಳು ಆರಿಸಿದ್ದೆಲ್ಲ ಇನ್ನೂ ಹಾಗೆಯೇ ಇತ್ತು. ಅವನ ಬೆರಳು "ಅಳಿಸು" ಎನ್ನುವಲ್ಲಿಗೆ ಹೋದಾಗ ಅವಳೇ ತಡೆದಳು. ತಾನೇಕೆ ತಡೆದೆ ಎಂದು ಅವಳಿಗೇ ಆಶ್ಚರ್ಯವಾಯಿತು.

"ಹುಟ್ಟಿದ ದಿನದ್ದು ಇರಲಿ. ಪಾಪ, ಹನ್ನೊಂದು ವರ್ಷ ಕಾದಿದ್ದಾಳೆ. ಉಳಿದದ್ದೆಲ್ಲ ತೆಗೀರಿ, ನನ್ನದನ್ನೂ. ಇನ್ಮೇಲೆ ನಾನು ಬಾಯಲ್ಲೇ ಹೇಳ್ತೀನಿ. ಒಂದೇ ಸಲ."

ಅವನು ಒಂದೊಂದಾಗಿ ಆರನ್ನೂ ಅಳಿಸಿದ. ಕೊನೆಯದನ್ನು ಅಳಿಸುವಾಗ ಅವನ ಕಣ್ಣಿಂದ ನೀರು ಇಳಿಯಿತು. ಅವಳು ಅದನ್ನು ಒರೆಸಿದಳು. ಆ ಕಣ್ಣೀರು ಯಾರಿಗಾಗಿ ಎಂದು ಅವಳು ಆವತ್ತು ಕೇಳಲಿಲ್ಲ.

"ನಾಳೆ ಶುಕ್ರವಾರ," ಎಂದಳು ಮೆಲ್ಲಗೆ. "ಅವರಿಗೆ ಏನಂತ ಬರೀಲಿ?"

"ಹೋಗಬೇಡ."

"ಯಾಕೆ?"

"ನೀನು ಮೂರನೇ ಸಲ ಅಂಗಡಿಗೆ ಬಂದಾಗಲೇ ಹೇಳ್ಬೇಕಿತ್ತು. ನೀನಂದ್ರೆ ನನಗೆ ಪ್ರಾಣ. ಹೇಳದೇನೇ ಗೊತ್ತಾಗುತ್ತೆ ಅಂದ್ಕೊಂಡಿದ್ದೆ."

"ಗೊತ್ತಾಗಲ್ಲ ಕಣ್ರೀ. ಹೇಳಿದ್ರೇನೇ ಗೊತ್ತಾಗೋದು." ಅವಳು ಅವನ ಎದೆಗೆ ಹಣೆ ಆನಿಸಿದಳು. "ದಿನಾ ಹೇಳ್ಬೇಕು ಇದನ್ನ."

"ದಿನಾ?"

"ದಿನಾ. ಯಾವುದ್ರಲ್ಲೂ ಬರೆದಿಟ್ಟು, ನೋಡ್ಕೊಂಡು ಹೇಳೋ ಹಾಗಿಲ್ಲ."

"ಮರೆತ್ರೆ?"

"ಮರೆತ್ರೆ ನಾನಿಲ್ವಾ," ಎಂದಳು ಅವಳು, "ಇಲ್ಲೇ ಇರ್ತೀನಲ್ಲ."