ಮಾವಶಿಯ ಫೋಟೊ

ಬಾಗಿಲ ಮೇಲಿದ್ದ ಫೋಟೊ ಮಾಯವಾಗಿತ್ತು. ಬರೀ ಮೊಳೆ ಉಳಿದಿತ್ತು.

ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಹಳೇ ಗೋಡೌನಿನಲ್ಲಿದ್ದ ಆ ಕ್ಲೈಂಬಿಂಗ್ ಜಿಮ್‌ಗೆ ಸುಪ್ರಜಾ ಕಾಲಿಟ್ಟಾಗ ಗಲಾಟೆ ಜೋರಾಗಿತ್ತು. ಅವಳು ಸಿಂಗಪುರದವಳು. ಚಿಕ್ಕಮ್ಮನ ಮನೆಗೆ ಬಂದಿದ್ದಳು; ಮುಂಬಯಿ ನೋಡುತ್ತಿರುವುದು ಇದೇ ಮೊದಲು. ಯಾವ ಊರಿಗೆ ಹೋದರೂ ಅಲ್ಲಿನ ಜಿಮ್‌ನಲ್ಲಿ ಗೋಡೆ ಹತ್ತಬೇಕು, ಫೋಟೊ ತೆಗೆದು ಮನೆಯವರ ವಾಟ್ಸ್ಯಾಪ್ ಗ್ರೂಪಿಗೆ ಹಾಕಬೇಕು. ಅದು ಅವಳ ಚಟ.

"ರಾತ್ರಿ ಬೀಗ ಹಾಕೂವಾಗ ಇತ್ರಿ," ಎಂದ ಕೋಚ್ ಅನಿಲಕುಮಾರ. ಕಲಬುರ್ಗಿ ಕಡೆಯವನು. ಏನಾಯಿತೆಂದು ಸುಪ್ರಜಾ ಕೇಳಿದ ಕನ್ನಡ ಕಿವಿಗೆ ಬಿದ್ದದ್ದೇ ತಡ, ದುಃಖ ತೋಡಿಕೊಂಡ. "ನಮ್ಮ ಮಾವಶಿ ಫೋಟೊ. ವಯಸ್ಸಾದ ಹೆಣ್ಮಕ್ಳಿಗೆ ಇಲ್ಲೆ ಹಂಗ ಕರೀತಾರ್ರಿ. ಅರವತ್ತರ ಹತ್ರ ವಯಸ್ಸು. ಆ ದೊಡ್ಡ ಗೋಡಿ ತುದಿ ಮುಟ್ಯಾರ. ಅದನ್ನ ನೋಡೇ ಎಷ್ಟೋ ಹೆಣ್ಮಕ್ಳು ಇಲ್ಲಿ ಸೇರ್ಯಾರ."

"ಯಾರ ಮೇಲೆ ಅನುಮಾನ?"

ಅನಿಲಕುಮಾರ ಮೂಲೆಯಲ್ಲಿದ್ದ ಕಾಲೇಜು ಹುಡುಗನತ್ತ ನೋಡಿದ. "ರೋಹಿತ್. ಅಲ್ಲಿ ತನ್ನ ಫೋಟೊ ಹಾಕ್ರಿ ಅಂತ ಗಂಟು ಬಿದ್ದಿದ್ದ. ಇವತ್ತು ಬಾಗ್ಲಾ ತೆಗೆದಾಂವನೂ ಅವನೇ. ಏ, ನಾಳಿಂದ ಬರಬ್ಯಾಡ ನೀ!"

"ಸರ್, ಕಸಮ್ ಸೇ, ನಾನಲ್ಲ," ಎಂದ ರೋಹಿತ್. ಕಣ್ಣು ತುಂಬಿತ್ತು. "ಬಾಗಿಲು ತೆಗೆದು ಚಾಯ್ ತರೋಕೆ ಹೋಗಿದ್ದೆ, ಅಷ್ಟೇ."

ಸುಪ್ರಜಾ ತಲೆ ಎತ್ತಿ ನೋಡಿದಳು. ಮೊಳೆ ಇದ್ದದ್ದು ಎರಡಾಳು ಎತ್ತರದಲ್ಲಿ. ಏಣಿ ಇಲ್ಲ. ಪಕ್ಕದಲ್ಲಿ ಹತ್ತಲು ಹಿಡಿಯುವ ಬಣ್ಣದ ಹೋಲ್ಡುಗಳು. ಎಲ್ಲವೂ ಹತ್ತುವವರು ಕೈ ಜಾರದಂತೆ ಹಚ್ಚಿಕೊಳ್ಳುವ ಚಾಕ್ ಪುಡಿಯಿಂದ ಬೆಳ್ಳಗಿದ್ದವು. ಎರಡರ ಮೇಲೆ ಮಾತ್ರ ಹಳದಿ ಬೆರಳಚ್ಚು.

ಅವಳು ಹತ್ತಿ ಮೂಸಿದಳು. ಅರಿಶಿನ.

"ರೋಹಿತ್, ಕೈ ತೋರಿಸು."

ಹಳದಿಯ ಸುಳಿವಿರಲಿಲ್ಲ.

"ಮಾವಶಿ ಇವತ್ತು ಬರ್ತಾರಾ?"

"ಇಲ್ರಿ. ಮನೀಗೆ ನೆಂಟರು ಬರ್ತಾರ, ಒಂದು ವಾರ ಬರಂಗಿಲ್ಲ ಅಂದಾರ."

ಸುಪ್ರಜಾ ತುಟಿ ಕಚ್ಚಿ ನಗು ತಡೆದಳು. "ಸಂಜೆ ತನಕ ಇವನನ್ನು ಕಳಿಸಬೇಡಿ ಸರ್."

* * *

ಮನೆಯಲ್ಲಿ ಶಾಮಲಾ ಚಿಕ್ಕಮ್ಮ ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಿದ್ದರು. "ಹೇಗಿತ್ತೇ ಜಿಮ್ಮು?"

"ಅಲ್ಲಿ ಯಾವುದೋ ಫೋಟೊ ಕಳುವಾಗಿದೆ."

"ಅಯ್ಯೋ, ಫೋಟೊ ಯಾರಿಗೆ ಬೇಕಿತ್ತೋ!"

"ರೋಹಿತ್ ಅನ್ನೋ ಹುಡುಗನ್ನ ಹೊರಗೆ ಹಾಕ್ತಿದ್ದಾರೆ."

ಸೌಟು ನಿಂತಿತು. "ರೋಹಿತನ್ನಾ? ಮುಂದಿನ ವಾರ ಅವನಿಗೆ ಸ್ಪರ್ಧೆ ಇದೆಯಲ್ಲೇ!"

ಹೇಳಿದ ಮೇಲೆ ಚಿಕ್ಕಮ್ಮ ನಾಲಿಗೆ ಕಚ್ಚಿಕೊಂಡರು. ಸುಪ್ರಜಾ ಸ್ಟೋವ್ ಆರಿಸಿದಳು.

"ನಾನು ಸ್ಪರ್ಧೆ ವಿಷಯ ಎತ್ತಲೇ ಇಲ್ಲ ಚಿಕ್ಕಮ್ಮ. ಬೆಳಿಗ್ಗೆ ನೀನು ಕೊತ್ತಂಬರಿ ತರ್ತೀನಿ ಅಂತ ಹೋದವಳು ಬರಿಗೈಲಿ ಬಂದೆ. ಆ ಜಿಮ್ ಕಂಡೇ ಇಲ್ಲ ಅಂದೆ. ಆದರೆ ಅಲ್ಲಿನ ಬಾಡಿಗೆ ಶೂ ಒದ್ದೆ ಇರುತ್ತೆ ಅಂತ ನನ್ನ ಬ್ಯಾಗಿಗೆ ಸಾಕ್ಸ್ ತುರುಕಿದೆ. ಏಣಿಯಿಲ್ಲದೆ ಹತ್ತಬಲ್ಲ, ಅರಿಶಿನದ ಕೈಯ ಕಳ್ಳ ಇನ್ಯಾರು?"

ಚಿಕ್ಕಮ್ಮ ಅಕ್ಕಿ ಡಬ್ಬದ ಹಿಂದಿನಿಂದ ಫೋಟೊ ತೆಗೆದರು. ಅದರಲ್ಲಿ ಅವರು ಸೀರೆಯಲ್ಲಲ್ಲ, ಟ್ರ್ಯಾಕ್ ಪ್ಯಾಂಟಿನಲ್ಲಿದ್ದರು. ಗೋಡೆಯ ತುದಿಯಲ್ಲಿ ಬಾಯಿ ತುಂಬ ನಗುತ್ತಿದ್ದರು.

"ಮಂಡಿ ಆಪರೇಷನ್ ಆದಾಗ ನಿಮ್ಮಮ್ಮ ಅಷ್ಟು ದೂರದಿಂದ ಬಂದು ನನ್ನ ಸೇವೆ ಮಾಡಿದಳು. ಸ್ಟೂಲ್ ಕೂಡ ಹತ್ತಬಾರದು ಅಂತ ಮಾತು ತಗೊಂಡು ಹೋದಳು. ಈಗ ಡಾಕ್ಟರು ಹತ್ತಬಹುದು ಅಂದಿದ್ದಾರೆ ಕಣೇ. ಅಕ್ಕನಿಗೆ ಹೇಳೋಕೆ ಧೈರ್ಯ ಬರಲಿಲ್ಲ. ನೀನು ಇದನ್ನ ಗ್ರೂಪಿಗೆ ಹಾಕಿಬಿಟ್ಟರೆ..." ಧ್ವನಿ ಸಣ್ಣಗಾಯಿತು. "ಪಾಪ, ಆ ಮಗು ಬೈಸಿಕೊಂಡಿತಾ? ನಡಿ, ಹೋಗೋಣ."

* * *

ಚಿಕ್ಕಮ್ಮ ಎಲ್ಲರೆದುರು ತಪ್ಪೊಪ್ಪಿಕೊಂಡು ರೋಹಿತನ ಕೆನ್ನೆ ಸವರಿದರು. ಅನಿಲಕುಮಾರ ಮುಖ ಸಣ್ಣದು ಮಾಡಿಕೊಂಡು, "ನಂದೂ ತಪ್ಪಾತಪ್ಪ," ಎಂದ. ರೋಹಿತನೇ ಹತ್ತಿ ಫೋಟೊ ತೂಗುಹಾಕಿದ.

ಆಮೇಲೆ ಚಿಕ್ಕಮ್ಮ ಅಕ್ಕನಿಗೆ ವಿಡಿಯೊ ಕಾಲ್ ಮಾಡಿದರು. "ಅಕ್ಕಾ, ಬೈಯೋದೆಲ್ಲ ಕೊನೇಲಿ ಬೈ. ಮೊದಲು ನೋಡು."

ಫೋನು ರೋಹಿತನ ಕೈಗೆ. ಚಿಕ್ಕಮ್ಮನ ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಸುಪ್ರಜಾಳ ಕೈಗೆ. ಚಿಕ್ಕಮ್ಮ ಹತ್ತತೊಡಗಿದರು. ಫೋನಿನಲ್ಲಿ ಅಕ್ಕನ ಮುಖ ಪರದೆಗೆ ಹತ್ತಿರವಾಯಿತು. ಅರ್ಧದಲ್ಲಿ ಕಾಲಿಗೆ ಆಸರೆ ಸಿಗದೆ ಚಿಕ್ಕಮ್ಮ ತಡಕಾಡಿದರು. ಸುಪ್ರಜಾ ಹಗ್ಗ ಬಿಗಿಹಿಡಿದಳು.

ಆಗ ಸಿಂಗಪುರದಿಂದ ಕೂಗು ಬಂತು.

"ಶಾಮಲಾ, ಎಡಗಾಲು! ಎಡಗಾಲು ಇನ್ನೂ ಸ್ವಲ್ಪ ಮೇಲಿಡೇ!"